ಲಾಗ್ ಆಫ್ ಮಾಡುವುದಿಲ್ಲ ಎಂಬ ವಾದ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತವನಲ್ಲ. ಆದ್ದರಿಂದ ನಮ್ಮ ಬೀಜ ವಿತರಣಾ ಸಂಸ್ಥೆಯ ಸಿರುಗುಪ್ಪ ಕಚೇರಿಯಲ್ಲಿ ಒಂದು ಫೈಲ್ ನನ್ನನ್ನು ತಡೆದಾಗ ಗಾಬರಿಯಾಗಲಿಲ್ಲ. ಕಚೇರಿಯೆಂದರೆ ನಾನು, ಒಂದು ಕಂಪ್ಯೂಟರ್, ಒಂದು ಫ್ಯಾನ್. ಮಾತನಾಡುವವನು ನಾನೊಬ್ಬನೇ.

ಅಂದು ಬಳ್ಳಾರಿಯ ಮುಖ್ಯ ಕಚೇರಿಯಲ್ಲಿ ಊಟ. ಕುರುಗೋಡು ಕಚೇರಿಯ ಶಬಾನಾಗೆ ಮದುವೆ ಗೊತ್ತಾಗಿತ್ತು. ವರ್ಷದಲ್ಲಿ ನನ್ನನ್ನು ಯಾರಾದರೂ ಊಟಕ್ಕೆ ಕರೆದದ್ದು ಅದೇ ಮೊದಲು. ಬಳ್ಳಾರಿಯ ಸರ್ವರ್‌ನಲ್ಲಿದ್ದ ಪಟ್ಟಿಗೆ ದೇಶನೂರಿನ ರೈತರ ಹೆಸರು ಸೇರಿಸಿ ಹತ್ತೂವರೆ ಬಸ್ಸು ಹಿಡಿದರೆ ಸಾಕು. ಪಟ್ಟಿ ತೆರೆಯಲು ಹೋದೆ. ಅನುಮತಿ ಇಲ್ಲ ಎಂದಿತು.

ಮೂರೂ ಕಚೇರಿಗಳ ಕಂಪ್ಯೂಟರ್‌ಗಳು ಒಂದೇ ಡೊಮೇನಿನಲ್ಲಿ, ಅಂದರೆ ಒಂದೇ ಜಾಲದ ಹಿಡಿತದಲ್ಲಿವೆ. ಅದನ್ನು ನೋಡಿಕೊಳ್ಳುವವನು ಬಳ್ಳಾರಿಯ ವೀರೇಶ. ಫೋನ್ ಮಾಡಿದೆ.

“ನಿನ್ನೆ ಸಂಜಿ ನಿಮ್ಮನ್ನ ಪಟ್ಟಿ ತಿದ್ದೋರ ಗುಂಪಿಗೆ ಸೇರಿಸೀನ್ರಿ. ಒಮ್ಮೆ ಲಾಗ್ ಆಫ್ ಮಾಡಿ ಮತ್ತ ಲಾಗಿನ್ ಆಗ್ರಿ.”

“ಅದು ಪರಿಹಾರ ಅಲ್ರೀ, ಮೂಢನಂಬಿಕಿ. ಗಾಡಿಗೆ ನಿಂಬಿಹಣ್ಣು ಕಟ್ಟಿದಂಗ. ಕಾರಣ ಹೇಳ್ರಿ.”

“ಆಮ್ಯಾಲ ಹೇಳ್ತೀನ್ರಿ, ಈಗ ಕುರ್ಚಿ ಹಾಕಾಕತ್ತೀನಿ.”

ಪ್ರತಿವಾದಿ ಕಣ ಬಿಟ್ಟು ಓಡಿದನೆಂದು ದಾಖಲಿಸಿಕೊಂಡೆ. ನಾನು ಲಾಗ್ ಆಫ್ ಮಾಡಿ ತಿಂಗಳಾಗಿತ್ತು; ಸಂಜೆ ಪರದೆ ಲಾಕ್ ಮಾಡಿ ಹೊರಡುವುದಷ್ಟೇ. ಈಗಂತೂ ಅದು ತತ್ವದ ಪ್ರಶ್ನೆ! ಪಟ್ಟಿ ಇದ್ದ ಫೋಲ್ಡರಿನ ಅನುಮತಿಗಳನ್ನು ನಾನೇ ಬದಲಿಸಲು ಹೋದೆ. ಬದಲಿಸಲೂ ಅನುಮತಿ ಇಲ್ಲ. ಎಂಟು ಅಂಶಗಳ ಆಕ್ಷೇಪಣೆ ಬರೆದು ವೀರೇಶನಿಗೆ ಮೇಲ್ ಮಾಡುವಷ್ಟರಲ್ಲಿ ಬಸ್ಸು ಹೋಗಿತ್ತು.

ಶಬಾನಾ ಫೋನ್ ಮಾಡಿದಳು. “ಸರ, ವೀರೇಶ ಹೇಳಿದ್ರು. ನನಗೂ ಹಂಗ ಆಗಿತ್ರಿ. ಲಾಗ್ ಆಫ್ ಮಾಡಿ ಬಂದೆ, ತೆರೀತು.”

“ಒಂದು ಉದಾಹರಣಿ ಪುರಾವೆ ಆಗಂಗಿಲ್ರಿ.”

“ಪುರಾವೆ ಬ್ಯಾಡ್ರಿ ಸರ, ಊಟಕ್ಕ ಬರ್ರಿ. ಎಲ್ಲಾರೂ ಬಂದಾರ.”

ನೇರವಾಗಿಯೇ ವಾದಿಸೋಣವೆಂದು ಎಂಟು ಅಂಶಗಳನ್ನು ಪ್ರಿಂಟ್ ತೆಗೆದು ಹನ್ನೆರಡೂವರೆ ಬಸ್ಸು ಹತ್ತಿದೆ. ತಲುಪಿದಾಗ ವೀರೇಶ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ತನ್ನ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದ. ನನ್ನ ಹೆಸರಿನಲ್ಲಿ ಲಾಗಿನ್ ಆದೆ. ಪಟ್ಟಿ ತೆರೆಯಿತು.

“ಲಾಗಿನ್ ಆಗಿ ಒಳಗ ಬರುವಾಗ ನೀವು ಯಾವ ಗುಂಪಿನಾಗ ಅದೀರಿ ಅಂತ ಕಂಪ್ಯೂಟರ್ ಬರಕೊಂತೈತ್ರಿ. ನಡುವ ಸೇರಿಸಿದ್ದು ಅದಕ್ಕ ಗೊತ್ತಾಗಂಗಿಲ್ಲ. ಹೊರಗ ಹೋಗಿ ಬರಬೇಕು, ಅಷ್ಟ.”

ಇದು ನನ್ನ ಎಂಟು ಅಂಶಗಳಲ್ಲಿ ಇರಲಿಲ್ಲ.

“ಶಬಾನಾ?”

“ಈಗ ಹೋದ್ರು. ಒಂದೂವರಿತನಕ ಯಾರೂ ಉಣ್ಣಲಿಲ್ರಿ, ನಿಮಗ ಕಾದ್ರು. ನಿಮ್ಮ ಡಬ್ಬಿ ಅಲ್ಲೈತಿ.”

ವೀರೇಶನೂ ಬೈಕ್ ಹತ್ತಿ ಹೊರಟ. ನಾನು ಹೆಸರುಗಳನ್ನು ಸೇರಿಸಿ, ಡಬ್ಬಿ ಬಿಚ್ಚಿ ಉಂಡೆ. ರುಚಿಯಾಗಿತ್ತು. ಆಗ ಯಾರು ಏನೇ ಹೇಳಿದ್ದರೂ ಒಪ್ಪಿಕೊಳ್ಳಲು ನಾನು ಸಿದ್ಧನಿದ್ದೆ. ಹೇಳುವವರು ಯಾರೂ ಉಳಿದಿರಲಿಲ್ಲ.