ಇಪ್ಪತ್ತೊಂದು ಇಂಚಿನ ಟಿವಿಯಲ್ಲಿ ಉಳಿದುಹೋದ ಮಾವನವರ ಬಗ್ಗೆ

ಇಂದ:
ಯೋಗೇಂದ್ರ, ಪಾತ್ರೆ ಅಂಗಡಿ, ಬಾಳೆಹೊನ್ನೂರು

ಗೆ:
ಶ್ರೀ ಮಹೇಶ್ವರ ಅವರು, ಟಿವಿ ಅಂಗಡಿ ಮಾಲೀಕರು, ಕೊಪ್ಪ

ವಿಷಯ: ಎಕ್ಸ್‌ಚೇಂಜ್‌ಗೆ ಕೊಟ್ಟ ಹಳೇ ಟಿವಿಯನ್ನು ವಾಪಸು ಕೋರಿ.

ಉಲ್ಲೇಖ: 1. ತಮ್ಮ ಎಕ್ಸ್‌ಚೇಂಜ್ ಚೀಟಿ. 2. ಕಳೆದ ಗುರುವಾರ ತಮ್ಮ ಅಂಗಡಿಯಲ್ಲಿ ನಡೆದ ಜಗಳ.

ಮಾನ್ಯರೇ,

1. ಅರ್ಜಿದಾರನ ಮದುವೆ 2003ರಲ್ಲಿ ಆಗಿದ್ದು, ಅದರ ವಿಡಿಯೋ ವಿಸಿಡಿಯಲ್ಲಿದೆ. ಮಾವನವರಾದ ದಿವಂಗತ ಪರಮಶಿವಯ್ಯನವರು ಫೋಟೋ ಎಂದರೆ ಸಾಕು, ಮುಖ ಗಂಟು ಹಾಕುತ್ತಿದ್ದರು. ಅವರು ನಕ್ಕಿರುವುದು ಈ ವಿಸಿಡಿಯಲ್ಲಿ ಮಾತ್ರ: ಪಂಕ್ತಿಯಲ್ಲಿ ಸಾಕೆಂದು ಎಲೆಗೆ ಅಡ್ಡ ಹಿಡಿದ ಅಳಿಯನ ಕೈ ಮೇಲೆಯೇ ಹೋಳಿಗೆ ಬಡಿಸಿ, ತುಪ್ಪವನ್ನೂ ಸುರಿದು ನಕ್ಕಿದ್ದಾರೆ. ಪ್ರತಿ ವರ್ಷ ಅವರ ಪುಣ್ಯಸ್ಮರಣೆಯ ದಿನ ಹೋಳಿಗೆ ಎಡೆ ಇಟ್ಟು, ಅರ್ಜಿದಾರನ ಹೆಂಡತಿ ವೀರಬಸಮ್ಮ ಆ ನಗು ನೋಡಿದ ಮೇಲೆಯೇ ಊಟಕ್ಕೆ ಕೂರುವುದು ಪದ್ಧತಿ. ಬರುವ ಸೋಮವಾರ ಪುಣ್ಯಸ್ಮರಣೆ ಇದೆ.

2. ಹೆಂಡತಿ ಎನ್.ಆರ್.ಪುರದ ತವರಿಗೆ ಹೋಗಿದ್ದಾಗ, ಬಂದವಳು ಬೆರಗಾಗಲಿ ಎಂದು ಅರ್ಜಿದಾರನು ಇಪ್ಪತ್ತೊಂದು ಇಂಚಿನ ಡಬ್ಬಾ ಟಿವಿಯನ್ನು ತಮಗೆ ಕೊಟ್ಟು ನಲವತ್ಮೂರು ಇಂಚಿನದನ್ನು ತಂದನು. ಅವಳನ್ನು ಒಂದು ಮಾತು ಕೇಳಲಿಲ್ಲ.

3. ಅವಳು ಬಂದು ವಿಸಿಡಿ ಹಾಕಲಾಗಿ, ಮಾವನವರು ಚೌಕ ಚೌಕವಾಗಿ ಒಡೆದು ಕಂಡರು. "ಅಪ್ಪ ಎಲ್ರೀ? ಬಚ್ಚಲಿಗೆ ಟೈಲ್ಸ್ ಹಾಕ್ದಂಗಿದೆ!" ಎಂದಳು. ಅದು ಅವಳು ಆಡಿದ ಕೊನೆಯ ಮಾತು. ಅಂದಿನಿಂದ ಅರ್ಜಿದಾರನೊಂದಿಗೆ ಮಾತಾಡುತ್ತಿರುವುದು ತಟ್ಟೆ, ಲೋಟಗಳು.

4. ಕಾರಣ, ಅರ್ಜಿದಾರನು ಸ್ಟುಡಿಯೋ ಶಶಿಕಿರಣನ ಬಳಿ ಅದನ್ನು ಡಿವಿಡಿ ಮಾಡಿಸಿದನು. ಅವೇ ಚೌಕಗಳು. ಬ್ಲೂ-ರೇ ಮಾಡಿಸಿದನು. ಚೌಕಗಳ ಅಂಚು ಇನ್ನೂ ಸ್ಪಷ್ಟವಾಯಿತು. ಕೂಗಾಡಿದಾಗ ಶಶಿಕಿರಣ, "ವಿಸಿಡಿಯಲ್ಲೇ ಇಲ್ಲದ್ದನ್ನ ನಾ ಎಲ್ಲಿಂದ ತರ್ಲಿ ಮಾರಾಯ್ರೇ? ಡಬ್ಬಿ ದೊಡ್ಡದಾದ್ರೆ ಅಕ್ಕಿ ಹೆಚ್ಚಾಗ್ತದಾ? ಚಿಕ್ಕ ಟಿವಿಲಿ ಹಾಕಿ ನೋಡಿ" ಎಂದನು. ಈ ಮಾತನ್ನು ಅವನು ಮೊದಲೇ ಹೇಳಬಹುದಿತ್ತು.

5. ಆದ್ದರಿಂದ ಗುರುವಾರ ಅರ್ಜಿದಾರನು ಶಶಿಕಿರಣನ ಪ್ಲೇಯರ್ ಮತ್ತು ಮೂರೂ ಡಿಸ್ಕ್ ಹೊತ್ತು ತಮ್ಮ ಅಂಗಡಿಗೆ ಬಂದನು. ಸದರಿ ಹಳೇ ಟಿವಿಗೆ ತಾವು ಸಿಸಿಟಿವಿ ಜೋಡಿಸಿದ್ದಿರಿ. ತಾವು ಊಟಕ್ಕೆ ಹೋಗಿದ್ದರಿಂದ, ಕೇಳದೆಯೇ ಅದರ ವೈರು ಕಿತ್ತು ಒಂದೊಂದಾಗಿ ಹಾಕಿದನು. ವಿಸಿಡಿ, ಡಿವಿಡಿ, ಬ್ಲೂ-ರೇ ಮೂರರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೂರರಲ್ಲೂ ಮಾವನವರು ನಕ್ಕರು.

6. ಅಷ್ಟರಲ್ಲಿ ತಾವು ಬಂದು, "ಊರೆಲ್ಲ ದೊಡ್ಡ ಟಿವಿ ಕೇಳ್ತದೆ, ನೀವೆಂತ ಮಾರಾಯ್ರೇ, ಈ ಡಬ್ಬಾಕ್ಕೆ ಬಡ್ಕೊಳ್ತೀರಿ?" ಎಂದಿರಿ. ಅರ್ಜಿದಾರನು, "ನಂಗೆ ಟಿವಿ ಬೇಡ ಕಣ್ರೀ, ಮಾವ ಬೇಕು!" ಎಂದು ಕೂಗಿದನು. ಮುಂದಿನ ಮಾತುಗಳನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ. ಅರ್ಧ ತಪ್ಪನ್ನು ಅರ್ಜಿದಾರನು ಒಪ್ಪುತ್ತಾನೆ.

ಆದ್ದರಿಂದ ಸದರಿ ಟಿವಿಯನ್ನು ಸೋಮವಾರದೊಳಗೆ ವಾಪಸು ಕೊಡಬೇಕಾಗಿ ಕೋರಿಕೆ. ಬೇಕಿದ್ದರೆ ನಲವತ್ಮೂರು ಇಂಚಿನದರಲ್ಲಿ ತಾವು ಸಿಸಿಟಿವಿ ನೋಡಿಕೊಳ್ಳಬಹುದು.

ಅದೂ ಆಗದಿದ್ದಲ್ಲಿ, ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಸಿಸಿಟಿವಿಯನ್ನು ಹತ್ತು ನಿಮಿಷ ನಿಲ್ಲಿಸುವುದು. ವೀರಬಸಮ್ಮನಿಗೆ ಕುರ್ಚಿ ಕೊಡುವುದು. ಎಡೆ ಇಡಲು ತಮ್ಮ ಕೌಂಟರಿನಲ್ಲಿ ಒಂದು ಬಾಳೆಲೆಯಷ್ಟು ಜಾಗ ಬಿಡುವುದು. ಆ ಹತ್ತು ನಿಮಿಷ ಕಳ್ಳರು ಬಾರದಂತೆ ಅರ್ಜಿದಾರನು ಬಾಗಿಲಲ್ಲಿ ನಿಲ್ಲುವನು, ಬಾಯಿ ತೆರೆಯುವುದಿಲ್ಲ.

ಗುರುವಾರವೊಂದನ್ನು ಬಿಟ್ಟು ಉಳಿದೆಲ್ಲ ದಿನ
ತಮ್ಮ ವಿಶ್ವಾಸಿ,
ಯೋಗೇಂದ್ರ

ಲಗತ್ತುಗಳು:
1. ಎಕ್ಸ್‌ಚೇಂಜ್ ಚೀಟಿ.
2. ನಲವತ್ಮೂರು ಇಂಚಿನಲ್ಲಿ ಮಾವನವರ ಫೋಟೋ (ಮೂಗು ಎಲ್ಲಿದೆ ಎಂದು ಬಾಣದ ಗುರುತು ಹಾಕಿದೆ).

ವಿ.ಸೂ.: ತಮ್ಮ ಪಾಲಿನ ಹೋಳಿಗೆಗೆ ತುಪ್ಪವೋ ಹಾಲೋ ಎಂಬುದನ್ನು ಭಾನುವಾರದೊಳಗೆ ತಿಳಿಸತಕ್ಕದ್ದು.