ಪೋರ್ಚುಗಲ್ ಮಗಳ ಬಳ್ಳಾರಿ ತೆರಿಗೆ

ಮಗಳ ತೆರಿಗೆ ಫೈಲು ಕಪಾಟಿನಿಂದ ಕೆಳಗಿಳಿಸಿದೆನೆಂದರೆ, ಆ ವಾರ ಯಾರಾದರೊಬ್ಬರು ನನ್ನ ಪಿತ್ತ ನೆತ್ತಿಗೇರಿಸಿಯೇ ತೀರುತ್ತಾರೆ. ನಾನು ಬಿ.ಕಾಂ. ಓದಿದವಳು, ಒಂದೊಂದು ರಸೀದಿಯನ್ನೂ ವರ್ಷವಾರು ಜೋಡಿಸಿಟ್ಟವಳು. ಆದರೆ ಗಣಿಗಾರಿಕೆ ಜೋರಾಗಿದ್ದ ಆ ವರ್ಷಗಳಲ್ಲಿ ಅದಿರಿನ ಧೂಳು ಮನೆಗಳ ಮೇಲಷ್ಟೇ ಅಲ್ಲ, ಜನರ ತಲೆಯೊಳಗೂ ಕೂತಿತ್ತು.

ಮಗಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. ಪ್ರಕಾಶಕರು ಜರ್ಮನಿಯವರು. ಇವಳು ಲ್ಯಾಪ್‌ಟಾಪ್ ಹೊತ್ತು ಮೊದಲು ಥಾಯ್ಲೆಂಡ್, ಆಮೇಲೆ ಟರ್ಕಿ, ಕೊನೆಗೆ ಪೋರ್ಚುಗಲ್. ಅಲ್ಲಿಯೇ ತೆರಿಗೆಯನ್ನೂ ಕಟ್ಟಿದ್ದಳು. ಅಷ್ಟರಲ್ಲಿ ಬಳ್ಳಾರಿಯ ತೆರಿಗೆ ಕಚೇರಿಯಿಂದ ನೋಟಿಸು: ಈಕೆ ಆ ವರ್ಷ ಹೆಚ್ಚುಕಾಲ ಇಲ್ಲಿಯೇ ಇದ್ದಳು, ಸಂಪಾದನೆಗೆಲ್ಲ ಇಲ್ಲಿ ತೆರಿಗೆ ಕಟ್ಟಬೇಕು.

ಮಗಳು ಫೋನಿನಲ್ಲಿ ಅತ್ತುಬಿಟ್ಟಳು. "ಅಮ್ಮಾ, ಎರಡೂ ಕಡೆ ಕಟ್ಟಿದ್ರ ಇಲ್ಲಿ ಬಾಡಿಗಿ ಕೊಡಾಕ ಆಗಂಗಿಲ್ಲ. ಕೆಲಸ ಬಿಟ್ಟು ಬರಬೇಕಷ್ಟೇ."

"ಅಳಬ್ಯಾಡ. ನಾನದೀನಿ" ಎಂದೆ.

ಕುರುಗೋಡಿನ ಸಲಹೆ

ಕುರುಗೋಡಿನಲ್ಲಿ ನನ್ನ ಮೈದುನನಿದ್ದಾನೆ. ಅದಿರಿನ ಲಾರಿಗಳ ಮಾಲೀಕ. ತೆರಿಗೆ ಕಚೇರಿಯಲ್ಲಿ ಅವನ ಪರಿಚಯದವರು ಯಾರಾದರೂ ಇದ್ದಾರೇನೋ ಎಂದು ಕೇಳಲು ಹೋದೆ.

"ಒಂದು ದೇಶದಾಗೂ ನಿಲ್ಲಂಗಿಲ್ಲೇನು ಅಕಿ?"

"ಇಲ್ಲ. ಎಲ್ಲಿದ್ರೂ ಕೆಲಸ ಮಾಡಬಹುದು."

ಅವನು ಎದ್ದು ಬಾಗಿಲು ಮುಂದಕ್ಕೆ ಮಾಡಿ, ದನಿ ತಗ್ಗಿಸಿದ. "ವೈನಿ, ನನ್ನ ಮುಂದ ಮುಚ್ಚಿಡಬ್ಯಾಡ್ರಿ. ಯಾವ ಕೇಸು? ನನಗ ಜಾಮೀನು ಕೊಡ್ಸಿದ ವಕೀಲನೇ ಅದಾನ, ಮಾತಾಡ್ತೀನಿ."

ಅವನು ಕೊಟ್ಟ ಚಹಾ ಮುಟ್ಟದೆ ಎದ್ದು ಬಂದೆ.

ಖಾಲಿ ಲ್ಯಾಪ್‌ಟಾಪು

ಬ್ರೂಸ್‌ಪೇಟೆಯ ತೆರಿಗೆ ಸಲಹೆಗಾರರು ನೋಟಿಸು ಓದಿ ಕನ್ನಡಕ ತೆಗೆದರು. ಅವರ ಗಿರಾಕಿಗಳೆಲ್ಲ ಅದಿರಿನವರೇ.

"ಹೊರದೇಶಕ್ಕ ಕಳಿಸೋದು ಏನು ಮಾಲು?"

"ಚಿತ್ರ. ಲ್ಯಾಪ್‌ಟಾಪಿನಾಗ ಬರ್ದು ಅಲ್ಲಿಂದಲೇ ಕಳಿಸ್ತಾಳ."

"ರಫ್ತು ಅಂದಮ್ಯಾಲ ತೂಕದ ಚೀಟಿ ಬೇಕಲ್ರಿ."

ನನಗೆ ಮೈಯೆಲ್ಲ ಉರಿಯಿತು. "ಲ್ಯಾಪ್‌ಟಾಪು ಒಯ್ದು ಲಾರಿ ತೂಗೋ ವೇಬ್ರಿಜ್ ಮ್ಯಾಲ ಇಡ್ಲೇನ್ರಿ?"

ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ಖಾಲಿ ಇದ್ದಾಗ ಒಮ್ಮೆ, ಚಿತ್ರ ತುಂಬಿದಮ್ಯಾಲ ಒಮ್ಮೆ ತೂಗಿಸ್ರಿ. ನಡೀತೈತಿ."

ಸಿರುಗುಪ್ಪದ ಮೈಕು

ಇದು ನೋಟಿಸಿಗಿಂತ ಮೊದಲಿನ ಮಾತು. ನಮ್ಮ ಕಡೆ ಮದುವೆಯಲ್ಲಿ ಯಾರು ಏನು ಉಡುಗೊರೆ ಕೊಟ್ಟರೆಂದು ಮೈಕಿನಲ್ಲಿ ಓದಿಸುತ್ತಾರೆ. ಹೆಸರು ಬಾರದಿದ್ದರೆ ಸಂಬಂಧ ಹರಿಯಿತೆಂದೇ ಲೆಕ್ಕ. ಮಗಳು ದೂರದಲ್ಲಿದ್ದರೇನು, ಪ್ರತಿ ಮದುವೆಯಲ್ಲೂ ಅವಳ ಹೆಸರಿನಲ್ಲಿ ಒಂದು ಸೀರೆ ಓದಿಸುತ್ತಿದ್ದೆ.

ಸಿರುಗುಪ್ಪದ ಮದುವೆಯಲ್ಲಿ ಮೈಕಿನವನಿಗೆ ಉಮೇದು ಬಂತು; ಅಲ್ಲಿಂದ ಮುಂದಿನ ಮದುವೆಗಳಲ್ಲೂ ಅವನದು ಅದೇ ಪಾಠ. "ಪೋರ್ಚುಗಲ್ ದೇಶದಿಂದ ವಿಮಾನದಾಗ ಖುದ್ದು ಬಂದು, ರೇಷ್ಮಿ ಸೀರಿ!"

"ಲೇ, ಖುದ್ದು ಅಂತ ಯಾರು ಹೇಳಿದ್ರೋ ನಿನಗ?" ಎಂದು ಕೂಗಿದೆ. ಬ್ಯಾಂಡಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಊಟದ ಸಾಲಿನಲ್ಲಿ ಹೆಂಗಸರು ಮಗಳನ್ನು ಹುಡುಕತೊಡಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿರಿಗೇರಿಯ ನಮ್ಮ ಬೀಗತಿ ಹೋಳಿಗೆ ಮುರಿಯುತ್ತಾ ಹೇಳಿದಳು: "ಈಗರ ಕೈ ತೊಳಿಯಾಕ ಹೋದ್ಲು. ನಾ ನೋಡೀನಿ. ಪಾಪ, ಬಾಳ ಸೊರಗ್ಯಾಳ."

ಸಾಹೇಬರ ಕಿವಿ

ನೋಟಿಸಿನ ಬೇರು ಆ ಮೈಕಿನಲ್ಲಿದೆಯೆಂದು ತಿಳಿದದ್ದು ತೆರಿಗೆ ಕಚೇರಿಯಲ್ಲೇ. ಪಾಸ್‌ಪೋರ್ಟಿನ ನಕಲನ್ನು ಅಧಿಕಾರಿ ಪಕ್ಕಕ್ಕೆ ತಳ್ಳಿದರು.

"ಇದರಾಗ ಮುದ್ರಿ ಮಸಿ ಆಗೈತಿ. ನನ್ನ ಕಿವಿ ಮಸಿ ಆಗಿಲ್ಲಮ್ಮ, ಮೈಕಿನಾಗ ಓದಿದ್ದು ಕೇಳೀನಿ. ಶ್ರಾವಣದಾಗ ಸಿರುಗುಪ್ಪ, ಕಾರ್ತೀಕದಾಗ ಕುರುಗೋಡು, ಮಾಘದಾಗ ಬಳ್ಳಾರಿ. ಎಲ್ಲಾ ಮದುವ್ಯಾಗೂ ನಿಮ್ಮ ಮಗಳು ಖುದ್ದು ಹಾಜರು!"

ನನ್ನ ಮಗಳ ವರ್ಷದ ದುಡಿಮೆ ಈ ಮನುಷ್ಯನ ಊಟದ ಚಪಲದ ಮೇಲೆ ನಿಂತಿದೆಯಲ್ಲ ಎಂದು ಸಿಟ್ಟು ಒತ್ತಿಕೊಂಡು ಬಂತು. ಕುರ್ಚಿ ಮುಂದಕ್ಕೆಳೆದುಕೊಂಡೆ.

"ಬಳ್ಳಾರಿ ಮದುವಿ ಗಣಿ ಮಾಲೀಕರ ಮನಿದು. ಮೈಕಿನಾಗ ನನ್ನ ಮಗಳ ಹೆಸರಾದ ಮ್ಯಾಲ ಯಾರ ಹೆಸರು ಓದಿದ್ರು? ನಿಮ್ಮದು. ಬೆಳ್ಳಿ ದೀಪದ ಕಂಬ, ‘ಸಾಹೇಬರು ಕುಟುಂಬ ಸಮೇತ ಖುದ್ದು ಬಂದು’. ಅವತ್ತು ಸೋಮವಾರ, ಮಧ್ಯಾಹ್ನ. ಆವಾಗ ಈ ಕುರ್ಚಿ ಮ್ಯಾಲ ಯಾರಿದ್ರು?"

ಪಕ್ಕದ ಮೇಜುಗಳಲ್ಲಿ ಟೈಪಿನ ಸದ್ದು ನಿಂತಿತು. ಸಾಹೇಬರು ಎದ್ದುನಿಂತರು.

"ನಾ ಹೋಗಿದ್ದಿಲ್ಲರಿ! ಬರೇ ಹೆಸರು ಓದ್ಸ್ಯಾರ. ಮೈಕಿನಾಗ ಹೆಸರು ಬಂದ್ರ ಮನುಷ್ಯಾ ಅಲ್ಲೇ ಇದ್ದ ಅಂತ ಆಕೈತೇನ್ರಿ?"

"ಆ ಮಾತು ನನ್ನ ಮಗಳ ಫೈಲಿನಾಗ ಬರ್ದು ಸಹಿ ಹಾಕ್ರಿ" ಎಂದೆ.

ಬರೆದರು. ಸಹಿ ಹಾಕಿದರು. ನೋಟಿಸು ರದ್ದಾಯಿತು. ಬಾಗಿಲವರೆಗೂ ಬಂದು, ಅಳಿದುಳಿದ ಮರ್ಯಾದೆ ಕಾಪಾಡಿಕೊಳ್ಳುವವರ ಹಾಗೆ ಮೆಲ್ಲಗೆ ಹೇಳಿದರು:

"ಮಗಳಿಗೆ ಚೆಂದಾಗಿ ಉಣ್ಣಾಕ ಹೇಳ್ರಿ, ಅಮ್ಮಾರ. ಆ ಮದುವ್ಯಾಗ ನೋಡ್ದೆ, ಬಾಳ ಸೊರಗಿದ್ರು."