ಕೊಟ್ರಯ್ಯನ ಮನೆಗೆ ಶಾಂತಿ ಬಂದದ್ದು

ನನಗೆ ಸಿಟ್ಟು ಬಂದಿದೆ. ಬಂದಿದೆ ಎಂದರೇನು, ಬಂದು ಮನೆಯಳಿಯನ ಹಾಗೆ ಚಕ್ಕಂಬಕ್ಕಳ ಹಾಕಿ ಕೂತಿದೆ, ಏಳುವ ಲಕ್ಷಣವಿಲ್ಲ. ದಿಕ್ಕಿಲ್ಲದ ನಾಯಿಯೊಂದನ್ನು ಸಾಕುತ್ತೇನೆಂದು ಹೊರಟ ಗೃಹಸ್ಥನಿಗೆ ಹಾರ ಹಾಕಬೇಕೋ, ಸಂದರ್ಶನ ಮಾಡಬೇಕೋ? ನೀವೇ ಹೇಳಿ. ಬಂಡ್ರಿಗೆ ಹೆಣ್ಣು ನೋಡಲು ಹೋದಾಗ ನಮ್ಮ ಮಾವ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇನ್ನೊಂದು ಹೋಳಿಗಿ ಹಾಕ್ಲೇನ್ರಿ?" ಅಷ್ಟಕ್ಕೇ ಮಗಳನ್ನು ಕೊಟ್ಟುಬಿಟ್ಟರು. (ಅಷ್ಟು ಸಲೀಸಾಗಿ ಯಾಕೆ ಕೊಟ್ಟರೆಂಬುದು ಆಮೇಲೆ ತಿಳಿಯಿತು. ಆ ಮಾತು ಇಲ್ಲಿ ಬೇಡ, ಅನ್ನಪೂರ್ಣ ಇದನ್ನು ಓದುತ್ತಾಳೆ.)

ನಾಯಿಯ ಯೋಚನೆ ನನ್ನದೇ. ಕಂಪ್ಲಿಯ ನಮ್ಮ ಮನೆಯ ಮಾಳಿಗೆಯನ್ನು ಕೋತಿಗಳು ತಮ್ಮ ಪಿತ್ರಾರ್ಜಿತ ಆಸ್ತಿ ಎಂದುಕೊಂಡಿವೆ. ನಮ್ಮವ್ವ ಹಂಪಮ್ಮ ಸಂಡಿಗೆ ಒಣಹಾಕುವುದು, ಅವು ಸಪರಿವಾರ ಚಿತ್ತೈಸಿ ಆರೋಗಣೆ ಮಾಡುವುದು, ನಾನು ಅಂಗಳದಲ್ಲಿ ನಿಂತು ಕೂಗುವುದು. ಅಕ್ಕಿ ಗಿರಣಿ ನಡೆಸುವವನ ಗಂಟಲು ನನ್ನದು, ಸ್ವಲ್ಪ ಗಟ್ಟಿ.

"ಒಂದು ನಾಯಿ ಸಾಕೂಣು" ಎಂದೆ.

"ಹೊಸಪ್ಯಾಟಿ ಹೊರಗ ನಾಯಿ ಆಶ್ರಮ ಐತ್ರಿ" ಎಂದಳು ಅನ್ನಪೂರ್ಣ. "ಗಾಯ ಆದವು, ಯಾರೋ ಬಿಟ್ಟು ಹೋದವು, ಪಾಪ. ಅಲ್ಲಿಂದ ತರೂಣು. ಪುಣ್ಯಾನೂ ಬರತೈತಿ."

ಹೋದೆವು. ಹಳದಿ ಮೈಯ, ಒಂದು ಕಿವಿ ಹರಿದ ಹೆಣ್ಣುನಾಯಿಯೊಂದು ಅನ್ನಪೂರ್ಣಳ ಕಾಲ ಮೇಲೆ ತಲೆಯಿಟ್ಟು ಮಲಗಿಯೇ ಬಿಟ್ಟಿತು. ಮರಿಯಮ್ಮನಹಳ್ಳಿ ಹತ್ತಿರ ಹೆದ್ದಾರಿಯಲ್ಲಿ, ಲಾರಿಗಳ ನಡುವೆ ಸಿಕ್ಕಿತ್ತಂತೆ. ಹೆಸರು ಶಾಂತಿ. "ಕೊಡ್ರಿ, ಒಯ್ತೀವಿ" ಎಂದೆ.

"ಹಂಗ ಕೊಡಂಗಿಲ್ಲ ಅಂಕಲ್. ನಾವು ಬಂದು ನಿಮ್ಮ ಮನಿ ನೋಡಬೇಕು" ಎಂದಳು ಅಲ್ಲಿನ ಪೂಜಿತಾ ಎಂಬ ಹುಡುಗಿ.

ನನ್ನ ಮನೆ! ನಾಯಿಗೆ ಯೋಗ್ಯವೋ ಅಲ್ಲವೋ ಎಂದು ನೋಡುವುದಂತೆ!

ಭಾನುವಾರ ಬಂದಳು. ಗೇಟು ಅಲ್ಲಾಡಿಸಿದಳು, ಅಂಗಳ ನೋಡಿದಳು, ಅವ್ವನ ಕೈಯ ಚಹಾ ಕುಡಿದಳು, ವಿಚಾರಣೆ ಶುರು ಮಾಡಿದಳು.

"ನಾಯಿ ಸೋಫಾ ಹತ್ತಿದ್ರ ಏನ್ ಮಾಡ್ತೀರಿ ಅಂಕಲ್?"

"ಕಾಲು ತೊಳೀದ ನನ್ನನ್ನ ಹತ್ತಗೊಡಂಗಿಲ್ಲ ಇಕಿ. ಅದನ್ನ ಬಿಡ್ತಾಳೇನು?"

"ಬಿಡ್ತೀನಿ" ಎಂದಳು ಅನ್ನಪೂರ್ಣ.

"ಮನಿಯಾಗ ಯಾರಾರ ಜೋರು ಮಾತಾಡ್ತಾರೇನ್ರಿ? ಇದು ಭಾಳ ಅಂಜಿದ ನಾಯಿ. ಜೋರು ಸದ್ದು ತಡಿಯಂಗಿಲ್ಲ."

ಅವ್ವನ ಬೆರಳು, ಅನ್ನಪೂರ್ಣಳ ಬೆರಳು ಒಟ್ಟಿಗೇ ಎದ್ದವು. ಎರಡೂ ನನ್ನ ಕಡೆಗೆ. (ಈ ಅತ್ತೆ ಸೊಸೆ ಒಂದು ಸಾರಿನ ಉಪ್ಪಿನ ವಿಷಯದಲ್ಲೂ ಒಮ್ಮತಕ್ಕೆ ಬಂದವರಲ್ಲ.)

"ನಾನಾ?" ಎಂದೆ. ಅಷ್ಟೇ ಎಂದದ್ದು. ಎದುರುಮನೆಯ ಯಲ್ಲೇಶ್ ಹೊರಗೆ ಬಂದು, "ಕರದ್ರೇನ್ರಿ?" ಎಂದ.

ಕೊನೆಗೆ ಷರತ್ತು ಹಾಕಿ ಕೊಟ್ಟರು. ಒಂದು ತಿಂಗಳು ನೋಡುತ್ತಾರೆ. ಅಂಕಲ್ ಕೂಗಿದರೆ ನಾಯಿ ವಾಪಸ್ಸು.

ನೀವು ಎಂದಾದರೂ ಪಿಸುಮಾತಿನಲ್ಲಿ ಸಿಟ್ಟು ಮಾಡಿದ್ದೀರಾ? ಹೊಟ್ಟೆಯಲ್ಲಿ ಕುದಿಯುತ್ತದೆ, ಬಾಯಲ್ಲಿ ಬರೀ ಹಬೆ. ಅನ್ನಪೂರ್ಣ ಈ ಸುವರ್ಣ ಕಾಲವನ್ನು ವ್ಯರ್ಥ ಮಾಡಲಿಲ್ಲ. ತನ್ನ ತಮ್ಮ ಬಂದು ಬೇಸಿಗೆ ಪೂರ್ತಿ ಇರುತ್ತಾನೆಂಬ ಸುದ್ದಿಯನ್ನು ಶಾಂತಿಯ ತಲೆ ಸವರುತ್ತಲೇ ಹೇಳಿದಳು. ನಾನು ಬಾಯಿ ತೆರೆದೆ. "ಶಾಂತಿ ಮಲಗ್ಯಾಳ್ರಿ" ಎಂದಳು. ಬಾಯಿ ಮುಚ್ಚಿದೆ.

ಇನ್ನು ಕೋತಿಗಳು. ಅವು ಬಂದವು. ಶಾಂತಿ ಮಾಳಿಗೆಯಿಂದ ಇಳಿದು ಮಂಚದಡಿ ಸೇರಿತು. ನಾನೇ ಕೋಲು ಹಿಡಿದು ಮಾಳಿಗೆ ಹತ್ತಿ, "ಹೋಗ್ರಲೇ... ಹೋಗ್ರಪಾ..." ಎಂದು ಪಿಸುಗುಟ್ಟಿದೆ. ಹಿರಿಯ ಕೋತಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಭಿಕ್ಷೆಗೆ ಬಂದವನೆಂದುಕೊಂಡಿತೋ ಏನೋ, ಕಚ್ಚಿದ ಸಂಡಿಗೆಯೊಂದನ್ನು ನನ್ನ ಕಡೆ ಎಸೆಯಿತು. ಅಷ್ಟರಲ್ಲಿ ಇನ್ನೊಂದು ಹಿಂದಿನಿಂದ ಬಂದು ನನ್ನ ಕನ್ನಡಕ ಕಿತ್ತುಕೊಂಡಿತು.

ಕೂಗಿದೆ. ಅಷ್ಟು ದಿನದ ಬಾಕಿಯನ್ನೆಲ್ಲ ಸೇರಿಸಿ ಕೂಗಿದೆ. ಕೋತಿಗಳು ಕನ್ನಡಕದ ಸಮೇತ ಬುಕ್ಕಸಾಗರದ ದಿಕ್ಕಿಗೆ ಹಾರಿದವು. ಕೆಳಗೆ ಗೇಟು ತೆರೆದಿತ್ತು. ಹಳದಿ ಬಣ್ಣದ್ದೇನೋ ಬಾಣದ ಹಾಗೆ ಬೀದಿಗೆ ಹೋಯಿತು.

ಅನ್ನಪೂರ್ಣ ಬೈಯಲಿಲ್ಲ. ಚಪ್ಪಲಿ ಮೆಟ್ಟಿದಳು. "ನಾ ಈ ಕಡೆ ಹೊಂಟೆ, ನೀವು ಆ ಕಡೆ ಹೋಗ್ರಿ. ಅದು ಸಿಗಲಿಲ್ಲಂದ್ರ ಮನಿಗೆ ಬರಬ್ಯಾಡ್ರಿ." ನಾನು ಕೂಗಾಡುವವನು ನಿಜ, ಆದರೆ ಅವಳ ಈ ಮೆಲುದನಿಯ ಮುಂದೆ ನನ್ನದು ಏನೂ ಅಲ್ಲ.

ಕನ್ನಡಕವಿಲ್ಲದೆ, ದನಿಯೆತ್ತದೆ, "ಶಾಂತಿ... ಶಾಂತೀ..." ಎನ್ನುತ್ತ ಓಣಿ ಓಣಿ ಅಲೆದೆ. ಒಂದು ಮೇಕೆಯನ್ನು ಪ್ರೀತಿಯಿಂದ ಕರೆದೆ. ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ತಾಯಕ್ಕ ಸೆರಗು ಬಾಯಿಗಿಟ್ಟುಕೊಂಡಳು.

"ಕೊಟ್ರಯ್ಯಪ್ಪಾ, ಯಾರಪಾ ಆಕಿ ಶಾಂತಿ? ಅನ್ನಪೂರ್ಣಗ ಗೊತ್ತೈತೇನು?"

"ಆಕೀನ ಕಳಿಸ್ಯಾಳ!" ಎಂದೆ. ನಳದ ಸುತ್ತ ಇದ್ದ ಕೊಡಗಳೆಲ್ಲ ಕೆಳಗಿಳಿದವು.

ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಲಾರಿಯೊಂದು ಗಕ್ಕನೆ ಬ್ರೇಕ್ ಹಾಕಿದ ಸದ್ದು ಕೇಳಿತು. ಓಡಿದೆ. ಅಡ್ಡ ಬಂದದ್ದು ಒಂದು ಎಮ್ಮೆ. ಎಮ್ಮೆಗೂ ಏನೂ ಆಗಿರಲಿಲ್ಲ. ಆದರೂ ಅಲ್ಲೇ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಆ ಹರಕು ಕಿವಿಯ ಪ್ರಾಣಿ ನನಗೆ ಏನಾಗಬೇಕು ಎಂದು ನನ್ನ ಮೇಲೇ ಸಿಟ್ಟು ಬಂತು.

ಆಗ ಫೋನು ಬಂತು. "ಸಿಕ್ಕಾಳ ಬರ್ರಿ. ಮದಿವಿ ಮನಿ ಹತ್ರ."

ಮುಂದಿನ ಬೀದಿಯಲ್ಲಿ ಮದುವೆಯ ಚಪ್ಪರ. ಚಪ್ಪರದ ಮುಂದೆ ಡಿಜೆ. ಆಳೆತ್ತರದ ಡಬ್ಬಗಳು ಒಂದರ ಮೇಲೊಂದು. ಅವುಗಳ ಹೊಡೆತಕ್ಕೆ ಎದುರಿನ ಅಂಗಡಿಯ ಶಟರು ಗಡಗಡ ನಡುಗುತ್ತಿತ್ತು, ನನ್ನ ಎದೆಗೂಡೂ ತಾಳ ಹಾಕುತ್ತಿತ್ತು. ಆ ಡಬ್ಬಗಳ ಬುಡದಲ್ಲೇ, ಅರ್ಧ ತಿಂದ ಹೋಳಿಗೆಯ ಪಕ್ಕದಲ್ಲಿ, ನಾಲ್ಕೂ ಕಾಲು ಚಾಚಿಕೊಂಡು ಜೋರು ಸದ್ದು ತಡೆಯದ ಶಾಂತಿ ಗಾಢನಿದ್ರೆಯಲ್ಲಿತ್ತು.

ಅನ್ನಪೂರ್ಣ ಫೋನಿನಲ್ಲಿ ಅದನ್ನು ಪೂಜಿತಾಳಿಗೆ ತೋರಿಸುತ್ತಿದ್ದಳು. ಆಚೆಯಿಂದ ಏನು ಉತ್ತರ ಬಂತೋ, ನನ್ನ ಕಡೆ ತಿರುಗಿ ಕಿವಿಯಲ್ಲಿ ಹೇಳಿದಳು: "ಅದು ಸದ್ದಿಗೆ ಅಂಜೂ ನಾಯಿ ಅಲ್ಲಂತ್ರಿ. ನಿಮಗ ಅಂಜತೈತಂತ."

ಈಗ ಹೇಳಿ, ಯಾವ ಗಂಡಸು ಸುಮ್ಮನಿರುತ್ತಾನೆ?

"ಇಷ್ಟು ದೊಡ್ಡ ಡಬ್ಬಾ ಬಡ್ಕೊಳ್ಳಾಕ ಹತ್ಯಾವು!" ಎಂದೆ. "ಇದರ ಮುಂದ ನನ್ನ ದನಿ ಎಷ್ಟರದು?"

ಶಾಂತಿ ಥಟ್ಟನೆ ಎದ್ದು ಅನ್ನಪೂರ್ಣಳ ಸೀರೆಯ ಹಿಂದೆ ಸೇರಿತು. ಕುಣಿಯುತ್ತಿದ್ದವರು ಕೈಯೆತ್ತಿದ ಹಾಗೇ ನಿಂತರು. ಹಾಡು ನಿಂತಿತು. ಚಪ್ಪರದೊಳಗಿಂದ ಮದುಮಗನೂ ಬಾಸಿಂಗ ಸರಿಸಿ ನೋಡಿದ. ಡಿಜೆಯವನು ಮೈಕು ಹತ್ತಿರಕ್ಕೆ ಎಳೆದುಕೊಂಡು, ಇಡೀ ಕಂಪ್ಲಿಗೆ ಕೇಳುವ ಹಾಗೆ, ಬಹಳ ಮರ್ಯಾದೆಯಿಂದ ಕೇಳಿಕೊಂಡ:

"ಯಜಮಾನ್ರ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ರಿ."